ಹಿಡಿಯ ಕೆಳಗಿನ ಅಕ್ಷರ

...ಅದಲ್ಲ, ಅದೂ ಅಲ್ಲ! ಇನ್ನೊಂದು ಸಲ ಊಹಿಸು. ಇವತ್ತು ಸಂಗ್ರಹಾಲಯದಲ್ಲಿ ಏನಾಯ್ತು, ಹೇಳು ನೋಡೋಣ. ಜಾರಿ ಬಿದ್ದೆನಾ? ಛೆ! ಗಂಡ ಅಂದ್ರೆ ಬೀಳೋದು, ಮರೆಯೋದು, ಕಳ್ಕೊಂಡು ಬರೋದು, ಇಷ್ಟೇ ನಿನಗೆ. ಹೌದಪ್ಪಾ, ಅಂಗಿ ಗುಂಡಿ ಅಲ್ಲೇ ಕಿತ್ತುಬಂತು, ಒಪ್ಪಿದೆ. ಹೊಲಿ, ಹೊಲೀತಾನೇ ಕೇಳು. ಸೋತೆಯಾ? ಬಾಯಿಬಿಟ್ಟು ಹೇಳು ಸೋತೆ ಅಂತ... ಬೇಡ ಬಿಡು, ನನಗೇ ತಡ್ಕೊಳ್ಳೋಕೆ ಆಗ್ತಿಲ್ಲ.

ಒಂದು ರಿವಾಲ್ವರ್ ಸುಳ್ಳು ಹೇಳ್ತಿತ್ತು ಕಣೇ. ಹಿಡಿದುಬಿಟ್ಟೆ!

ಯಾಕೆ ನಗ್ತೀಯ? ಜೀವಮಾನವೆಲ್ಲ ಕಾಲೇಜಲ್ಲಿ ರಸಾಯನಶಾಸ್ತ್ರ ಹೇಳಿದ ಮನುಷ್ಯ, ರಿಟೈರ್ ಆದ ಮೇಲೆ ಭೂತಗನ್ನಡಿ ಹಿಡ್ಕೊಂಡು ತುಕ್ಕು ಹಿಡಿದ ಕಬ್ಬಿಣದ ಹಿಂದೆ ಬಿದ್ದಿದ್ದಾನೆ ಅಂತ ತಾನೇ? ನಗು, ನಗು. ಆದರೆ ಹಳೇ ಪಿಸ್ತೂಲೋ ರಿವಾಲ್ವರೋ ಬಂತು ಅಂದ್ರೆ ಸಂಗ್ರಹಾಲಯದ ಮೇಡಂ ಮೊದಲು ಫೋನ್ ಮಾಡೋದು ಯಾರಿಗೆ? "ಸರ್, ಇದರ ವಯಸ್ಸು ಸ್ವಲ್ಪ ನೋಡಿ." ನನಗೆ! ನಿನ್ನ ತಮ್ಮನಿಗಲ್ಲ!

...ಇಲ್ಲ, ನಿನ್ನ ತಮ್ಮನ ಸುದ್ದಿ ಸುಮ್ಮನೆ ಬಾಯಿಗೆ ಬಂತು. ಅವನಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ನೀನು ದಾರ ಪೋಣಿಸು.

ಈ ರಿವಾಲ್ವರ್ ಯಾರೋ ಒಬ್ಬ ಅರಣ್ಯಾಧಿಕಾರಿಯದು. ತೀರಿಕೊಂಡು ಬಹಳ ಕಾಲ ಆಯ್ತು. ಲೈಸೆನ್ಸಿನ ರಗಳೆ ಯಾಕೆ ಅಂತ ಮಗ ತಂದು ಒಪ್ಪಿಸಿದ್ದಾನೆ. ಹೆಸರಾ? ಹೆಸರು ಕಟ್ಕೊಂಡು ಏನಾಗಬೇಕು? ನಿನಗೆ ಗೊತ್ತಿಲ್ಲದವರು. ನನಗೂ ಗೊತ್ತಿಲ್ಲದವರು. ಯಾರಿಗೂ ಗೊತ್ತಿಲ್ಲದವರು!

ಅದರ ಜೊತೆ ಒಂದು ಕಥೆಯೂ ಬಂದಿದೆ, ಕೇಳು. ಆ ಅಧಿಕಾರಿ ಒಂದು ದಿನ ದೋಣಿಗಟ್ಟೆಯಲ್ಲಿ ಒಬ್ಬ ನಾಮಾಂಕಿತ ದರೋಡೆಕೋರನಿಗೆ ಎದುರಾದನಂತೆ. ಬರಿಗೈಲಿ. ಅವನ ಕೈಯಿಂದ ಈ ರಿವಾಲ್ವರ್ ಕಿತ್ಕೊಂಡು, ಅವನದೇ ರುಮಾಲಿನಲ್ಲಿ ಅವನನ್ನೇ ಕಟ್ಟಿ, ಎಳ್ಕೊಂಡು ಬಂದನಂತೆ. ಅದೇ ಹೊತ್ತಿಗೆ ಇತ್ತ ಆಸ್ಪತ್ರೆಯಲ್ಲಿ ಹೆಂಡತಿಗೆ ಹೆರಿಗೆ ನೋವು. ಹೋಗಲಿಲ್ಲ! ಕರ್ತವ್ಯ ಮೊದಲು. ಮಗು ಹುಟ್ಟಿತು, ಗಂಡು ಮಗು, ಅಪ್ಪ ಮುಖ ನೋಡಿದ್ದು ಮಾರನೇ ದಿನ. ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಆ ರಿವಾಲ್ವರ್ ಹೊರಗೆ ಬರೋದು, ಎಣ್ಣೆ ಬಟ್ಟೆಯಲ್ಲಿ ಒರೆಸೋದು, ಬಂದವರಿಗೆಲ್ಲ ದರೋಡೆಕೋರನ ಮೀಸೆಯಿಂದ ಹಿಡಿದು ವರ್ಣನೆ. ಮಗು ಬರೋದು ಕಟ್ಟಕಡೆಗೆ, ಒಂದೇ ಮಾತಲ್ಲಿ: "ಆವತ್ತೇ ಇದೂ ಹುಟ್ಟಿತು." ಇದೂ!

ಏನಂದೆ? ಎಲ್ಲೋ ಕೇಳಿದ ಹಾಗಿದೆಯಾ? ಅಯ್ಯೋ, ಅಧಿಕಾರಿಗಳ ಮನೆ ಕಥೆ ಎಲ್ಲ ಒಂದೇ ತರಹ. ಮುಂದೆ ಕೇಳು, ಸ್ವಾರಸ್ಯ ಇರೋದೇ ಮುಂದೆ.

ನಳಿಗೆಯ ಮೇಲೆ ಒಂದು ಇಸವಿ ಕೊರೆದಿದೆ. ಕಥೆಗಿಂತ ಎಷ್ಟೋ ಹಿಂದಿನದು. ಮನೆಯವರೆಲ್ಲ ಅದನ್ನೇ ಓದಿ, "ನೋಡಿ, ಎಷ್ಟು ಹಳೇ ಕಾಲದ್ದು" ಅಂತ ಬೀಗ್ತಿದ್ದರು. ಎಲ್ಲರೂ ಮುಗ್ಗರಿಸೋದು ಇಲ್ಲೇ! ಅದು ರಿವಾಲ್ವರ್ ತಯಾರಾದ ವರ್ಷ ಅಲ್ಲವೇ ಅಲ್ಲ. ಆ ನಮೂನೆಗೆ ಕಂಪನಿ ಪೇಟೆಂಟ್ ತಗೊಂಡ ವರ್ಷ. ಆಮೇಲೆ ತಯಾರಾದ ಪ್ರತಿಯೊಂದಕ್ಕೂ ಅದೇ ಇಸವಿ ಒತ್ತುತ್ತಾ ಹೋದರು. ಬಿಸ್ಕತ್ತಿನ ಡಬ್ಬದ ಮೇಲೆ "ಸ್ಥಾಪನೆ" ಅಂತ ಇಸವಿ ಹಾಕಿರ್ತಾರಲ್ಲ, ಒಳಗಿನ ಬಿಸ್ಕತ್ತು ಆ ವರ್ಷದ್ದಾ? ಹಲ್ಲು ಮುರಿಯುತ್ತೆ! ಹ್ಹ ಹ್ಹ! ಇದನ್ನ ಮೇಡಂ ಮುಂದೆಯೂ ಹೇಳಿದೆ, ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನೀನೊಬ್ಬಳೇ ನಗದೇ ಇರೋದು.

ನಿಜವಾದ ವಯಸ್ಸು ತಿಳೀಬೇಕಾದರೆ ಹಿಡಿ ಬಿಚ್ಚಬೇಕು. ಒಂದೇ ತಿರುಪು. ಆ ಎರಡು ಮರದ ಚಿಪ್ಪು ಎತ್ತಿದರೆ, ಒಳಗೆ ಉಕ್ಕಿನ ಮೇಲೆ, ಅಕ್ಕಿಕಾಳಿಗಿಂತ ಸಣ್ಣದಾಗಿ ಒಂದು ಅಕ್ಷರ. ಆ ಕಾರ್ಖಾನೆಯವರು ವರ್ಷಕ್ಕೊಂದು ಅಕ್ಷರ ಒತ್ತುತ್ತಿದ್ದರು. ಹೊರಗಿನವರಿಗೆ ಕಾಣಲಿ ಅಂತಲ್ಲ, ತಮ್ಮ ತಪಾಸಣೆಗೆ. ಸೀಮೆಎಣ್ಣೆ ಹಚ್ಚಿದೆ, ಹಲ್ಲುಜ್ಜೋ ಬ್ರಷ್ಷಲ್ಲಿ ಉಜ್ಜಿದೆ... ನಿನ್ನದಲ್ಲ ಮಾರಾಯಳೇ, ಹಳೇದು! ಭೂತಗನ್ನಡಿ ಹಿಡಿದೆ. ಅಕ್ಷರ ಕಣ್ಣು ಬಿಡ್ತು ನೋಡು! ಯಾವ ಅಕ್ಷರ ಯಾವ ವರ್ಷದ್ದು ಅನ್ನೋ ಪಟ್ಟಿಗೆ ಹೋಲಿಸಿದೆ. ಮತ್ತೆ ಹೋಲಿಸಿದೆ. ಕಥೆಯ ದಿನಕ್ಕಿಂತ ನಾಲ್ಕು ವರ್ಷ ಆಮೇಲಿನದು! ಅಂದ್ರೆ ಆವತ್ತು ಆ ರಿವಾಲ್ವರ್ ಇನ್ನೂ ಹುಟ್ಟೇ ಇರಲಿಲ್ಲ. ದರೋಡೆಕೋರನ ಕೈಯಲ್ಲಿ ಇರೋದು ಹೇಗೆ? ಆಮೇಲೆ ಯಾವಾಗಲೋ ಅಂಗಡಿಯಲ್ಲಿ ಕೊಂಡದ್ದು! ಆ ಸೇತುವೆ ಮೇಲೆ ಯಾವ ಹೊಡೆದಾಟವೂ ಆಗಲಿಲ್ಲ, ಯಾವ ಇನ್ಸ್‌ಪೆಕ್ಟರೂ ಯಾವ ಕಳ್ಳನನ್ನೂ...

ಸೇತುವೆ ಅಂದೆನಾ?

ದೋಣಿಗಟ್ಟೆ. ದೋಣಿಗಟ್ಟೆ ಅಂದೆ ನಾನು. ಇನ್ಸ್‌ಪೆಕ್ಟರ್ ಅಂತ... ಅರಣ್ಯದಲ್ಲೂ ಇನ್ಸ್‌ಪೆಕ್ಟರ್ ಇರಬಹುದಲ್ಲ? ಯಾಕೆ, ಸೂಜಿ ಅಲ್ಲೇ ನಿಲ್ಲಿಸಿಬಿಟ್ಟೆ? ಚುಚ್ಚಿತಾ? ಎಲ್ಲಿ, ಬೆರಳು ತೋರಿಸು.

ಹಾಗೆ ದುರುಗುಟ್ಟಿ ನೋಡಬೇಡ. ಬೈದಾದರೂ ಬಿಡು.

...ಸರಿ. ಹೌದು. ನಿಮ್ಮಪ್ಪನದೇ. ಹೋದ ವಾರ ನಿನ್ನ ತಮ್ಮನೇ ತಂದುಕೊಟ್ಟ. "ಅಕ್ಕನಿಗೆ ಈಗಲೇ ಹೇಳಬೇಡಿ ಭಾವ" ಅಂದ. ಹೇಳಬಾರದು ಅಂತಲೇ ದಾರಿಯುದ್ದಕ್ಕೂ ಬಾಯಿ ಹೊಲಿದುಕೊಂಡು ಬಂದೆ. ಅರಣ್ಯ, ದೋಣಿ, ಗಂಡು ಮಗು, ಎಲ್ಲ ಬಸ್ಸಲ್ಲೇ ಕೂತು ಹೊಂದಿಸಿದ್ದು. ಇಂಥದ್ದು ಬೇರೆಯವರ ಮನೆಯಲ್ಲಾಗಿದ್ದರೆ ನೀನು ಏನಂತೀಯ, ಅದನ್ನ ಮೊದಲು ನೋಡೋಣ ಅಂತ... ನನ್ನ ಬಾಯಿ ನಿನಗೆ ಗೊತ್ತಲ್ಲ.

ತಲೆ ತಗ್ಗಿಸಬೇಡ. ಇಲ್ಲಿ ನೋಡು. ನಿಮ್ಮಪ್ಪನ ಮಾನ ಕಳೆಯೋಕೆ ಓಡೋಡಿ ಬಂದೆ ಅಂದ್ಕೊಂಡೆಯಾ? ಹಾಗಿದ್ದರೆ ಇಷ್ಟು ಕುಣೀತಿದ್ದೆನಾ? ಮದುವೆಯಾದಾಗಿನಿಂದ ಪ್ರತಿ ಹುಟ್ಟುಹಬ್ಬದ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಏನಂತೀಯ? "ನಮ್ಮಪ್ಪನಿಗೆ ನನಗಿಂತ ಆ ಕಳ್ಳನೇ ಹೆಚ್ಚಾಗಿದ್ದ." ನಗ್ತಾನೇ ಅಂತೀಯ. ನಗ್ತಾನೇ, ಸರಿ. ನನಗೆ ಕಿವಿ ಇಲ್ಲವಾ?

ನಿನ್ನ ದೊಡ್ಡಮ್ಮ ಏನು ಹೇಳ್ತಿದ್ದಳು, ನೆನಪು ಮಾಡ್ಕೋ. "ಎಲ್ಲಿಯ ಸೇತುವೆ? ಎಲ್ಲಿಯ ಕಳ್ಳ? ಬೆಳಗಿಂದ ಹೆರಿಗೆ ವಾರ್ಡಿನ ಮೆಟ್ಟಿಲ ಮೇಲೆ ಕೂತು, ಟೋಪಿ ಮುಖಕ್ಕೆ ಒತ್ತಿಕೊಂಡು ಅಳ್ತಿದ್ದ. ಕೂಸಿನ ದನಿ ಕೇಳಿದ ಮೇಲೇ ಎದ್ದು ಓಡಿದ್ದು, ಯಾರಾದರೂ ನೋಡಿಯಾರು ಅಂತ." ತನ್ನ ಸ್ವಂತ ಅಕ್ಕ ಹೆರುವಾಗಲೇ ಹೋದವಳು, ಹೆಂಡತಿಗೂ ಹಾಗೇ ಆದರೆ ಅಂತ ನಡುಗ್ತಿದ್ದನಂತೆ. ಎಲ್ಲರೂ ನಕ್ಕೆವು. ನಿಮ್ಮಪ್ಪನಂತೂ, "ಆ ಮುದುಕಿಗೆ ಅರಳುಮರಳು" ಅಂತ ಗುಡುಗಿದರು. ಮೀಸೆ ಹೊತ್ತ ಇನ್ಸ್‌ಪೆಕ್ಟರ್ ಅತ್ತರೆ ಹೇಗೆ? ಅದಕ್ಕೇ ಒಂದು ಸೇತುವೆ ಕಟ್ಟಿದರು. ಸೇತುವೆ ಗಟ್ಟಿಯಾಗಲಿ ಅಂತ ಒಂದು ರಿವಾಲ್ವರ್ ಕೊಂಡರು.

ಸಾಬೀತಾಗಲಿಲ್ಲ, ಒಪ್ತೀನಿ. ಮೆಟ್ಟಿಲ ಮೇಲೆ ಕೂತಿದ್ದರು ಅಂತ ಆ ಅಕ್ಷರ ಹೇಳೋದಿಲ್ಲ. ಸೇತುವೆ ಮೇಲಿನ ಕಥೆ ಸುಳ್ಳು ಅಂತ ಮಾತ್ರ ಹೇಳುತ್ತೆ. ಉಳಿದದ್ದು ದೊಡ್ಡಮ್ಮನ ಮಾತು. ನಾನಂತೂ ಇನ್ನು ಅವಳ ಕಡೆ.

ಭಾನುವಾರ ಅದನ್ನ ಗಾಜಿನ ಪೆಟ್ಟಿಗೆಯಲ್ಲಿ ಇಡ್ತಾರೆ. ಕೆಳಗೆ ಒಂದು ಚೀಟಿ ಬೇಕು. "ಸರ್, ಏನು ಬರೀಲಿ?" ಅಂದರು ಮೇಡಂ. ನಾಳೆ ಹೇಳ್ತೀನಿ, ಮನೆಯಲ್ಲಿ ಒಬ್ಬರನ್ನ ಕೇಳಬೇಕು ಅಂದೆ.

...ಅಳು, ಅಳು. ಅಪ್ಪನ ಹಾಗೆ ಓಡಿ ಮಾತ್ರ ಹೋಗಬೇಡ. ಆ ಅಂಗಿ ಒದ್ದೆಯಾದರೆ ಆಗಲಿ. ಚೀಟಿಯಲ್ಲಿ ಯಾವ ದಿನ ಹಾಕಿಸ್ತೀರಿ ಅಂತ ಕೇಳ್ತೀಯಾ? ರಿವಾಲ್ವರ್ ಹುಟ್ಟಿದ ದಿನ ಯಾರಿಗೆ ಬೇಕು? ನಿಮ್ಮಪ್ಪ ಮೆಟ್ಟಿಲ ಮೇಲೆ ಕೂತಿದ್ದ ದಿನವನ್ನೇ ಹಾಕಿಸೋಣ: ಸಾವಿರದ ಒಂಬೈನೂರ ಐವತ್ತೇಳು, ನವೆಂಬರ್ ಹದಿನೆಂಟು, ಸೋಮವಾರ.