ಮುಂಬುವಾಳ ಸೀಟು

ಏಪ್ರಿಲ್ ಮಳೆ ನೈರೋಬಿಗೆ ಹೊಸದಲ್ಲ. ಆದರೆ 2018ರ ಆ ಭಾನುವಾರ ಹೈರಿಡ್ಜ್‌ನ ರಸ್ತೆಗಳಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಊಟಕ್ಕೆಂದು ಚಿನ್ಮಯ್ ಮನೆಗೆ ಬಂದಿದ್ದ ನಾವು ಮೂರು ಕನ್ನಡ ಸಂಸಾರಗಳು ಸಂಜೆಯಾದರೂ ಹೊರಡಲಾಗದೆ ಕುಳಿತಿದ್ದೆವು. ಕರೆಂಟು ಹೋಗಿತ್ತು. ಬ್ಯಾಂಕಿನ ಕೆಲಸದಲ್ಲಿರುವ ಚಿನ್ಮಯ್, ತಾನು ಹೊಸದಾಗಿ ಕೊಂಡ ಹಳೆಯ ಬೈಕಿನ ಫೋಟೋವನ್ನು ಪುರುಷೋತ್ತಮರಾಯರ ಮುಂದೆ ಹಿಡಿದ. ಎಪ್ಪತ್ತು ದಾಟಿದ ರಾಯರು ಇಲ್ಲಿನ ಔಷಧ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮೇಂಟೆನೆನ್ಸ್ ನೋಡಿಕೊಂಡವರು, ಒಂಟಿ ಜೀವ, ವೆಲ್ಡಿಂಗ್ ಎಂದರೆ ಅವರ ಕೈಯೇ.

"ಅಂಕಲ್, ಇದನ್ನ ಹಾರ್ಡ್‌ಟೇಲ್ ಬಾಬರ್ ಮಾಡ್ಬೇಕು. ವೆಲ್ಡಿಂಗ್ ಮಾತ್ರ ನೀವು ಮಾಡ್ಕೊಡಿ, ಪ್ಲೀಸ್."

ರಾಯರು ಮೊಬೈಲನ್ನು ಮೆಲ್ಲನೆ ಮಗುಚಿ ಮೇಜಿನ ಮೇಲಿಟ್ಟರು. ಮಳೆಯ ಸದ್ದಿನಲ್ಲಿ ಅವರ ದನಿ ಕೇಳಿಸದೆ ನಾವೆಲ್ಲ ಕುರ್ಚಿ ಹತ್ತಿರಕ್ಕೆಳೆದುಕೊಂಡೆವು.

"ಮಾಡಲ್ಲ ಕಣಯ್ಯ. ಯಾಕೆ ಅಂತೀಯಾ... ಎಲ್ರೂ ಕೇಳಿ, ಹೇಗೂ ಮಳೆ ಬಿಡೋ ಹಾಗಿಲ್ಲ.

"ಭಾರ್ಗವ ಅಂತ ಒಬ್ಬ ಇದ್ದ, ಮೈಸೂರಿನವನು, ನಮ್ಮ ಫ್ಯಾಕ್ಟರೀಲೇ ಇಂಜಿನಿಯರ್. 2013ರ ಮಾತು. ಇಲ್ಲೇ ಊರಂಚಿನ ಕಸರಾನೀಲಿ ಸಿಲ್ವಿಯಾ ಅನ್ನೋ ಹೆಂಗಸಿನ ಹಿತ್ತಲಲ್ಲಿ, ತಗಡಿನ ಕೆಳಗೆ, ಹಳೇ ಇಂಗ್ಲಿಷ್ ಬೈಕೊಂದು ನಿಂತಿದೆ ಅಂತ ಗೊತ್ತಾಗಿ ನನ್ನೂ ಕರ್ಕೊಂಡು ಹೋದ. ಗಾಡಿ ಆಯಮ್ಮನ ಗಂಡಂದು, ಆತ ತೀರ್ಕೊಂಡಿದ್ದ ಆಗ್ಲೇ. ಕೊಡ್ತೀನಿ ಅಂದ್ಲು. ಒಂದೇ ಒಂದು ಮಾತು, ಹಿಂದಿನ ಸೀಟು ಮಾತ್ರ ತೆಗೀಬೇಡಿ ಅಂದ್ಲು.

"ಯಾಕಮ್ಮ ಅಂದೆ. ಮುಂಬುವಾ ಅಂತ ಮಗಳಿದ್ಲಂತೆ, ಎಂಟು ವರ್ಷ. ಜ್ವರ ಏರಿತ್ತು. ಅಪ್ಪ ಅವಳನ್ನ ಹಿಂದೆ ಕೂರಿಸಿ, ಬೀಳಬಾರದು ಅಂತ ಬಟ್ಟೇಲಿ ಬೆನ್ನಿಗೆ ಕಟ್ಕೊಂಡು ಡಾಕ್ಟರಿಗೆ ತೋರಿಸಿ ವಾಪಸ್ ಬರ್ತಿದ್ದ. ಇಂಥದ್ದೇ ಮಳೆ. ಮಗು 'ತುಮೆಫಿಕಾ?' ಅಂತ ಕೇಳ್ತಾನೇ ಇತ್ತಂತೆ, ಮನೆ ಬಂತಾ ಅಂತ. 'ಬಾದೋ, ಬಾದೋ', ಇನ್ನೂ ಇಲ್ಲ ಪುಟ್ಟಾ, ಅಂತ ಅಪ್ಪ ಓಡಿಸ್ತಾನೇ ಇದ್ದ. ಮನೆ ಮುಂದೆ ನಿಲ್ಲಿಸಿ 'ಬಂದ್ವಿ' ಅಂದ... ಕೇಳಿಸ್ಕೊಳ್ಳೋಕೆ ಮಗು ಇರಲಿಲ್ಲ. ದಾರೀಲೇ ಯಾವಾಗಲೋ ಹೋಗ್ಬಿಟ್ಟಿತ್ತು. 'ಅವಳಿಗೆ ಮನೆ ಬಂದದ್ದೇ ಗೊತ್ತಾಗಲಿಲ್ಲ. ಇನ್ನೂ ಅಲ್ಲೇ ಕೂತಿದಾಳೆ. ನಾನು ಊರಿಗೆ, ಕಿಟುಯಿ ಕಡೆಗೆ ಹೋಗ್ತಿದೀನಿ, ನಂಗೆ ಓಡಿಸೋಕೆ ಬರಲ್ಲ' ಅಂದ್ಲು ಸಿಲ್ವಿಯಾ. ಅಳಲೂ ಇಲ್ಲ. ಪಕ್ಕದ ಮನೆ ಸುದ್ದಿ ಹೇಳೋ ಹಾಗೆ ಹೇಳಿದ್ಲು.

"ಭಾರ್ಗವ ಆಯ್ತಮ್ಮ ಅಂದ. ನಾನೂ ಅಂದೆ. ಅಂದು ಬಂದು ಏನು ಮಾಡಿದ್ವಿ ಗೊತ್ತಾ? ಹಾರ್ಡ್‌ಟೇಲ್ ಅಂದ್ರೆ ಏನು, ಹಿಂದಿನ ಶಾಕ್ ಅಬ್ಸಾರ್ಬರ್ ಕಿತ್ತು, ಚಾಸಿಯ ಹಿಂಭಾಗ ಕತ್ತರಿಸಿ, ಅಲ್ಲಾಡದ ಪೈಪು ಬೆಸೆಯೋದು. ಬಾಬರ್ ಅಂದ್ರೆ ಮಡ್‌ಗಾರ್ಡ್ ಮೊಟಕು. ಒಬ್ಬನಿಗೇ ಸೀಟು. ಗ್ರೈಂಡರ್ ಹಿಡಿದೋನು ನಾನು. ಹಿಂದಿನ ಸೀಟು ನೆಲಕ್ಕೆ ಬಿದ್ದಾಗ ಭಾರ್ಗವ ಚಪ್ಪಾಳೆ ಹೊಡೆದ... ನಾನೂ ನಕ್ಕೆ.

"ಮೊದಲ ದಿನ ಒಂದು ಸುತ್ತು ಹೋಗಿ ಬಂದ. ಮುಖದಲ್ಲಿ ರಕ್ತ ಇಲ್ಲ. 'ಸರ್, ಟೈರ್ ನೋಡಿ' ಅಂದ. ಗಾಡಿ ಸುಮ್ಮನೆ ನಿಂತಿದೆ, ಮೇಲೆ ಯಾರೂ ಇಲ್ಲ, ಹಿಂದಿನ ಟೈರು ಮಾತ್ರ ಯಾರೋ ಕೂತ ಹಾಗೆ ಅದುಮಿದೆ. ಗಾಳಿ ನೋಡಿದೆ, ಸರಿಯಾಗೇ ಇತ್ತು. ಆಮೇಲೆ ಅವನು ಶರ್ಟ್ ಎತ್ತಿದ. ಸೊಂಟದ ಎರಡೂ ಕಡೆ ಬೆರಳಿನ ಗುರುತು... ಚಿಕ್ಕ ಚಿಕ್ಕ ಬೆರಳು. ಕೂರೋಕೆ ಜಾಗಾನೇ ಇಲ್ಲದ ಮೇಲೆ, ಕೆಳಗೆ ಚಕ್ರ ತಿರುಗ್ತಿರೋವಾಗ, ಆ ಮಗು ಇನ್ನೇನು ಮಾಡುತ್ತೆ ಹೇಳಿ? ಸಿಕ್ಕಿದ್ದನ್ನ ಗಟ್ಟಿಯಾಗಿ ಹಿಡ್ಕೊಳ್ಳಲ್ವಾ?

"ಇಳಿದ ಮೇಲೂ ಬಿಡಲಿಲ್ಲ. ಮೀಟಿಂಗಲ್ಲಿ, ಮಟಾಟು ವ್ಯಾನಿನಲ್ಲಿ, ಊಟಕ್ಕೆ ಕೂತಾಗ, ಕಿವಿ ಹಿಂದೆ 'ತುಮೆಫಿಕಾ?' ಅವನಿಗೆ ಅನ್ನ ಗಂಟಲಲ್ಲಿ ಇಳೀದೇ ಹೋಯ್ತು. ಸೀಟು ವಾಪಸ್ ಕೂರಿಸೋಣ ಅಂತ ನಾನು ಪೈಪು ಬೆಸೆದೆ. ಬೆಳಿಗ್ಗೆ ನೋಡಿದ್ರೆ ಬಿರುಕು. ಮತ್ತೆ ಬೆಸೆದೆ, ಮತ್ತೆ ಬಿರುಕು. ಬಾಯ್ಲರ್ ಬೆಸೆದ ಕೈ ಇದು! ಮೂವತ್ತು ವರ್ಷದಲ್ಲಿ ಒಂದು ಬೆಸುಗೆ ಬಿಟ್ಟದ್ದಿಲ್ಲ. ಆ ಗಾಡಿ ಮುಂದೆ ನೆಲದ ಮೇಲೆ ಕೂತು ಅತ್ತುಬಿಟ್ಟೆ.

"ಕೊನೆಗೆ ಅವಳ ಮನೆಗೇ ಮುಟ್ಟಿಸಿಬಿಡೋಣ ಅಂತ ಕಸರಾನಿಗೆ ಹೋದ್ವಿ, ಅವನು ಬೈಕಲ್ಲಿ, ನಾನು ಹಿಂದೆ ಕಾರಲ್ಲಿ. ಮನೆ ಎಲ್ಲಿ? ಕೆಡವಿ, ಅಪಾರ್ಟ್‌ಮೆಂಟಿಗೆ ಪಾಯ ತೋಡಿದ್ರು. ಸಿಲ್ವಿಯಾ ಕಿಟುಯೀಲಿ ಯಾವ ಹಳ್ಳಿ, ಅಕ್ಕಪಕ್ಕ ಒಬ್ಬರಿಗೂ ಗೊತ್ತಿಲ್ಲ. ಭಾರ್ಗವ ಆ ಗುಂಡಿ ಮುಂದೆ ಗಾಡಿ ನಿಲ್ಲಿಸಿ, 'ಬಂತು ಪುಟ್ಟಾ, ಮನೆ ಬಂತು, ಇಳಿಯಮ್ಮ' ಅಂತ ಗೋಗರೆದ. ಸ್ವಲ್ಪ ಹೊತ್ತು ಕೈ ಸಡಿಲ ಆಯ್ತಂತೆ. ಆಮೇಲೆ ಮೆಲ್ಲಗೆ ಅಂದ್ಲಂತೆ, 'ಇದು ನಮ್ಮನೆ ಅಲ್ಲ...'

"ಇನ್ನೇನು ಉಳೀತು ನಮ್ಮ ಕೈಲಿ? ಗಾಡಿ ಗುಜರಿಗೆ ಹೋಯ್ತು, ಅವಳು ಹೋಗಲಿಲ್ಲ. ಭಾರ್ಗವ ಕಡ್ಡಿ ಆದ. ಕಂಪನಿಯವರು ಊರಿಗೆ ವಾಪಸ್ ಕಳಿಸಿದ್ರು. ಮಧ್ಯಾಹ್ನದ ಫ್ಲೈಟು, ನಾನೇ ಏರ್‌ಪೋರ್ಟಿಗೆ ಬಿಟ್ಟೆ. ಹೊರಡೋವಾಗ ಬಂದು ತಬ್ಕೊಂಡ. ತಬ್ಕೊಂಡೋನು ಹಾಗೇ ನಿಂತ. ಉದ್ದಕ್ಕೆ ಉಸಿರೆಳೆದ. 'ಸರ್, ಬಿಟ್ಲು... ಬಿಟ್ಬಿಟ್ಲು ಸರ್!' ಅಂತ ಅಳ್ತಾ, ನಗ್ತಾ ಒಳಗೆ ಹೋದ. ಅವನು ನಕ್ಕದ್ದು ನೋಡಿ ಏಳು ತಿಂಗಳಾಗಿತ್ತು. ನಾನು ಏನೂ ಹೇಳಲಿಲ್ಲ. ಏನಂತ ಹೇಳ್ಲಿ? ಅವಳ ಸೀಟು ಕತ್ತರಿಸಿದೋನು ನಾನೇ ಅಲ್ವಾ..."

ರಾಯರು ನಿಲ್ಲಿಸಿದರು. ಮಳೆ ಕಿಟಕಿಗೆ ಬಡಿಯುತ್ತಿತ್ತು.

"ಅಂಕಲ್, ಅಂದ್ರೆ ಆಮೇಲೆ..." ಎಂದ ಚಿನ್ಮಯ್, ಅರ್ಧಕ್ಕೇ.

ರಾಯರು ಸೊಂಟದ ಮೇಲೆ ಶರ್ಟು ಸರಿಪಡಿಸಿಕೊಂಡರು.

"ನಾಲ್ಕು ವರ್ಷ ಆಯ್ತು. ಪಾಪ, ಬೇರೆ ಏನೂ ತೊಂದರೆ ಕೊಡಲ್ಲ. ಇವತ್ತು ನಿಮ್ಮ ಮೆಟ್ಟಿಲು ಹತ್ತೋವಾಗಲೂ ಕೇಳಿದ್ಲು... ಬಾದೋ ಪುಟ್ಟಾ ಅಂದೆ. ಇನ್ನೇನು ಹೇಳೋಕಾಗುತ್ತೆ ಆ ಮಗೂಗೆ?"