ಮೂರೂವರೆ ಅಡಿ ಅಗಲ

ನೋಡಿ, ಮತ್ತೆ ಮಧ್ಯ ಬಾಯಿ ಹಾಕಿದ್ರಿ! ಎಷ್ಟನೇ ಸಲ ಅತ್ತೆ ಇದು? ಮುಲ್ತಾನಿ ಮಿಟ್ಟಿ ಒಣಗೋ ತನಕ ತುಟಿ ಅಲ್ಲಾಡಿಸಬೇಡಿ ಅಂತ ಹೇಳಿದ್ನೋ ಇಲ್ವೋ? ಈಗ ಕೆನ್ನೆ ಹತ್ರ ಬಿರುಕು ಬಿಡ್ತು. ಬೇಸಿಗೆ ಕೆರೆ ಥರ ಕಾಣ್ತಿದ್ದೀರಿ... ನಗಬೇಡಿ, ನಗಬೇಡಿ, ಇನ್ನೂ ಬಿರಿಯುತ್ತೆ! ಏನು ಕೇಳಬೇಕು ಅಂತಿದ್ದೀರೋ ಅದನ್ನ ಹದಿನೈದು ನಿಮಿಷ ಹೊಟ್ಟೆಯಲ್ಲೇ ಇಟ್ಕೊಳ್ಳಿ. ಹೂಂ ಅನ್ನೋಕೆ ಒಂದು ಬೆರಳು, ಉಹೂಂ ಅನ್ನೋಕೆ ಎರಡು. ಆಯ್ತಾ?... ಹಾಂ, ಹಾಗೆ.

ನಾಳೆ ನನ್ನ ಪಾರ್ಲರ್ ಪೂಜೆ. ನಾಳಿದ್ದಿಂದ ಗಿರಾಕಿಗಳು, ಬಂದ್ರೆ. ಮೊದಲನೇ ಮುಖ ನಿಮ್ಮದೇ ಆಗಲಿ ಅಂತ ಭದ್ರಾವತಿಯಲ್ಲಿ ಬಸ್ಸು ಹತ್ತಿಸಿ ಶಿವಮೊಗ್ಗಕ್ಕೆ, ಈ ಆಲ್ಕೊಳದ ತನಕ ಕರ್ಕೊಂಡು ಬಂದೆ. ನಮ್ಮ ಭದ್ರಾವತಿಯ ಇಡೀ ನ್ಯೂ ಟೌನಿನಲ್ಲಿ ಸೊಸೆ ಕೈಯಿಂದ ಮುಖಕ್ಕೆ ಮಣ್ಣು ಬಳಿಸಿಕೊಂಡ ಅತ್ತೆ ನೀವೊಬ್ಬರೇ ಇರಬೇಕು! ವಿಭೂತಿ ಅಳಿಸಬೇಡ ಅಂದ್ರಿ, ಅಳಿಸಿಲ್ಲ. ಮೂರು ಗೆರೆ ಬಿಟ್ಟು ಸುತ್ತ ಹಚ್ಚಿದೀನಿ. ನನ್ನ ಮೂರು ತಿಂಗಳ ಕೋರ್ಸಿನಲ್ಲಿ ಇದನ್ನ ಹೇಳಿಕೊಟ್ಟಿರಲಿಲ್ಲ, ಇದು ನನ್ನ ಸ್ವಂತ ವಿದ್ಯೆ.

ಏನು, ಕೈಯಲ್ಲಿ ಏನು ಮಾಡ್ತಿದ್ದೀರಿ? ಗೇಣು ಹಾಕ್ತಿದ್ದೀರಾ? ನೀವು ಮಲಗಿರೋ ಮಂಚ ಅಗಲ ಆಯ್ತು ಅಂತಾನಾ?... ಒಂದು ಬೆರಳು. ಸರಿ, ನೀವೂ ಹೇಳಿ, ಎಲ್ಲರೂ ಹೇಳಿದಾರೆ. ಅದೊಂದು ದೊಡ್ಡ ಕಥೆ, ಕೇಳಿ.

ದುರ್ಗಿಗುಡಿಯಲ್ಲಿ ಪಾರ್ಲರ್ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿ ಯಜಮಾನರು ದುಶ್ಯಂತ್ ಅಂತ, ಹೊಟ್ಟೆ ಮುಂದೆ ಬರುತ್ತೆ, ಆಮೇಲೆ ಅವರು. ಮೊದಲು ತೋರಿಸಿದ್ದು ರಿಮೋಟಿನ ಬೆಡ್ಡು. ಮಲಗಿ ಮೇಡಂ, ಬಟನ್ ಒತ್ತಿ, ತಲೆ ಮೇಲೇಳುತ್ತೆ ಅಂದ್ರು. ಒತ್ತಿದೆ. ಕಾಲು ಮೇಲೆದ್ದವು! ತಲೆ ಕೆಳಗೆ, ಕಾಲು ಮೇಲೆ, ಥೇಟ್ ಬಾವಲಿ. ನಿಲ್ಲಿಸೋ ಬಟನ್ ಅಂತ ಇನ್ನೊಂದು ಒತ್ತಿದ್ರೆ ಇನ್ನೂ ಮೇಲೆ! ಟೆಂತ್ ಪಾಸಾದವಳ ಕೈಗೆ ರಿಮೋಟ್ ಕೊಟ್ಟರೆ ಹೀಗೇ.

ಎರಡನೇದು ಸಾದಾ. ಎರಡೂಕಾಲು ಅಡಿ ಅಗಲ. ಎಲ್ಲ ಪಾರ್ಲರಿನಲ್ಲೂ ಇದೇ ಅಳತೆ, ಎರಡೂ ಕಡೆಯಿಂದ ಕೈ ಎಟುಕಬೇಕಲ್ಲ ಮೇಡಂ ಅಂದ್ರು. ಹತ್ತಿ ಮಲಗಿದೆ. ಮಗ್ಗುಲಾದೆ. ಮೊಣಕಾಲು ಮಡಚಿದೆ. ಪಕ್ಕದಲ್ಲಿ ನನ್ನ ವ್ಯಾನಿಟಿ ಬ್ಯಾಗನ್ನ ಮಲಗಿಸಿದೆ... ಧೊಪ್! ಬಿತ್ತು ಕೆಳಗೆ. ಇದು ಬೇಡ ಅಂದೆ. ಆ ಮನುಷ್ಯ ನನ್ನನ್ನೂ ಬ್ಯಾಗನ್ನೂ ನೋಡಿ, 'ಫೇಶಿಯಲ್ಲಿಗೆ ಯಾರೂ ಮಗ್ಗುಲಾಗಿ ಮಲಗಲ್ಲ ಮೇಡಂ' ಅಂದ್ರು. 'ನಿಮಗೇನ್ರೀ ಗೊತ್ತು ಹೆಂಗಸರ ಕಷ್ಟ?' ಅಂತ ಜೋರು ಮಾಡಿ ಇಳಿದೆ. ಇಳಿಯೋವಾಗ ವೇಲು ರಿಮೋಟಿಗೆ ಸಿಕ್ಕಿಕೊಳ್ತು. ಪಕ್ಕದ ಬೆಡ್ಡು ತಾನೇ ಎದ್ದು ನಿಂತಿತು, ನಮಸ್ಕಾರ ಹೋಗಿ ಬನ್ನಿ ಅನ್ನೋ ಹಾಗೆ.

ಆಮೇಲೆ ನಮ್ಮ ಭದ್ರಾವತಿಯ ಕಾರ್ಪೆಂಟರ್ ಧರ್ಮೇಂದ್ರನೇ ಗತಿ ಆದ. ಮೂರೂವರೆ ಅಡಿ ಅಗಲ ಮಾಡು ಅಂದೆ, ಎತ್ತರ ಕಮ್ಮಿ ಇರಲಿ, ಬೇಕಾದಾಗ ಪಕ್ಕಕ್ಕೆ ಸಿಕ್ಕಿಸೋ ಹಾಗೆ ಒಂದು ಅಡ್ಡಪಟ್ಟಿ ಇರಲಿ, ಕೆಳಗೆ ಪೆಟ್ಟಿಗೆ ಇರಲಿ. ಅವನು ಪೆನ್ಸಿಲ್ ಕಿವಿಗೆ ಸಿಕ್ಕಿಸಿ, 'ಅಕ್ಕಾ, ಇದು ಪಾರ್ಲರಿಗೋ, ಬಾಣಂತನಕ್ಕೋ?' ಅಂದ. ದಪ್ಪ ಗಿರಾಕಿಗಳು ಬರ್ತಾರೆ ಕಣೋ, ಉರುಳಿ ಬಿದ್ರೆ ನೀನು ಬಂದು ಎತ್ತುತ್ತೀಯಾ ಅಂದೆ. ಬಾಯಿ ಮುಚ್ಕೊಂಡು ಮಾಡಿದ. ತಂದ್ರೆ ಬಾಗಿಲಲ್ಲಿ ಹಿಡಿಸಲಿಲ್ಲ! ನಾನು ಅಗಲ ಅಳೆದಿದ್ದೆ, ಎತ್ತರ ಅಳೆದಿದ್ದೆ, ಬಾಗಿಲೊಂದನ್ನ ಬಿಟ್ಟು ಎಲ್ಲ ಅಳೆದಿದ್ದೆ. ಬಿಚ್ಚಿ, ಒಳಗೆ ತಂದು ಮತ್ತೆ ಜೋಡಿಸಿದ. ಈಗ ಇದು ಗರ್ಭಗುಡಿ ಲಿಂಗದ ಹಾಗೆ, ಅಲ್ಲಾಡಲ್ಲ. ಒಂದು ಕೈ ವ್ಯಾಕ್ಸ್ ಮಾಡಿ ಇನ್ನೊಂದು ಕೈಗೆ ಬರಬೇಕಾದ್ರೆ ನಾನೇ ಪ್ರದಕ್ಷಿಣೆ ಹಾಕಬೇಕು.

ಯಾಕೆ ನಗ್ತೀರಿ?... ಇಲ್ಲ, ನಗಿ. ಪರವಾಗಿಲ್ಲ. ಪ್ಯಾಕ್ ಹೆಂಗೂ ಹೋಯ್ತು. ನನ್ನನ್ನ ನೋಡಿ ನಗೋದು ನಮ್ಮ ಮನೇಲಿ ಹೊಸದಾ? ನನ್ನನ್ನ ನಾನೇ ಆಡಿಕೊಂಡುಬಿಟ್ರೆ ನಿಮ್ಮ ಮಗನಿಗೆ ಅಷ್ಟು ಕೆಲಸ ಕಮ್ಮಿ. ಮನೆಗೆ ಬಂದವರಿಗೆಲ್ಲ 'ಇವಳು ನಮ್ಮ ಟೆಂತ್ ಪಾಸು' ಅಂತ ಪರಿಚಯ ಮಾಡಿಸ್ತಾರಲ್ಲ, ನಾನೇ ಕಾಫಿ ತಂದಿಟ್ಟು 'ಅದೂ ಎರಡನೇ ಸಲಕ್ಕೆ' ಅಂತೀನಿ. ಎಲ್ಲರೂ ನಗ್ತಾರೆ. ನಿಮ್ಮ ಮಗ ಹೊಡೆಯಲ್ಲ, ಕುಡಿಯಲ್ಲ, ಬರೀ ನಗ್ತಾರೆ. ಅದನ್ನ ಯಾರ ಹತ್ರ ಅಂತ ಹೇಳೋದು? ಹೇಳಿದ್ರೆ ಕೇಳಿದವರೂ ನಗ್ತಾರೆ.

ಹೋದ ತಿಂಗಳು, ಹೋಳಿಗೆ ಮಾಡಿದ ದಿನ, ಊಟಕ್ಕೆ ಕೂತಿದ್ವಲ್ಲ, ನೆನಪಿದೆಯಾ? ನಮ್ಮ ಮಧು ತಟ್ಟೆ ಬಡಿದು, 'ಏ ದಡ್ಡೀ, ತುಪ್ಪ ಹಾಕು' ಅಂದ್ಲು. ಮೂರೂವರೆ ವರ್ಷದ್ದು! ಇವರು ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡ್ರು. ನೀವೂ ನಕ್ಕಿರಿ, ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ತುಪ್ಪ ಹಾಕಿದೆ... ಅವಳಿಗೆ ಅದು ಬೈಗುಳ ಅಂತಾನೂ ಗೊತ್ತಿಲ್ಲ ಅತ್ತೆ. ಅದೇ ನನ್ನ ಹೆಸರು ಅಂದ್ಕೊಂಡಿದೆ ಮಗು.

ಇರ್ಲಿ, ಬಿಡಿ, ಬಿಡಿ. ಒಣಗಿತು. ಬಿಸಿನೀರಿನ ಬಟ್ಟೆ ಇಡ್ತೀನಿ, ಕಣ್ಣು ಮುಚ್ಕೊಳ್ಳಿ... ಹಾಂ. ಆಹಾ, ನೋಡಿ! ಹತ್ತು ವರ್ಷ ಹಿಂದಕ್ಕೆ ಹೋದ್ರಿ. ವಿಭೂತಿ ಮೂರು ಗೆರೆ ಹಾಗೇ ಇದೆ. ಕನ್ನಡಿ ತಗೊಳ್ಳಿ... ಬೇಡ್ವಾ? ಈಗ ಮಾತಾಡಬಹುದು. ಏನೋ ಕೇಳಬೇಕು ಕೇಳಬೇಕು ಅಂತಿದ್ರಲ್ಲ, ಕೇಳಿ. ಎಲ್ಲಿ ಬಗ್ತಿದ್ದೀರಿ?... ಆ ಪೆಟ್ಟಿಗೆ ತೆಗೀಬೇಡಿ! ಟವೆಲ್ಲು ಅತ್ತೆ, ಬರೀ ಟವೆಲ್ಲು...

ಅದು... ಗಿರಾಕಿಗಳು ಮಕ್ಕಳನ್ನ ಕರ್ಕೊಂಡು ಬಂದ್ರೆ ಇರಲಿ ಅಂತ... ಆನೆ ಚಿತ್ರದ ರಗ್ಗು, ಹೌದು, ಅಂಥದ್ದು ಎಲ್ಲಾ ಕಡೆ ಸಿಗುತ್ತೆ. ಫ್ರಾಕೂ ಸಿಗುತ್ತೆ. ನನ್ನ ನೈಟಿ... ಅದಕ್ಕೆ ಸುಳ್ಳು ಹೊಳೀತಿಲ್ಲ, ಸ್ವಲ್ಪ ತಡೀರಿ.

ಹೂಂ. ಮಧುದೇ.

ಭಾನುವಾರದಿಂದ ನಾವಿಬ್ಬರೂ ಇಲ್ಲೇ. ಹಿಂದುಗಡೆ ನಲ್ಲಿ ಇದೆ, ಒಂದು ಸ್ಟವ್ ಇಡಬಹುದು. ನರ್ಸರಿ ಇಲ್ಲೇ ಹತ್ರ ವಿಚಾರಿಸಿದೀನಿ. ನಿಮ್ಮ ಮಗನಿಗೆ ಹೇಳಿಲ್ಲ. ನಿಮಗೆ ಹೇಳಬೇಕು ಅಂತಲೇ ಕರ್ಕೊಂಡು ಬಂದೆ... ಮೊದಲು ನಿಮ್ಮ ಬಾಯಿಗೆ ಮಣ್ಣು ಮೆತ್ತಿ ಒಣಗಿಸಿ, ಆಮೇಲೆ ಹೇಳೋಣ ಅಂತ. ಅಷ್ಟು ದೊಡ್ಡ ಧೈರ್ಯ ನನ್ನದು! ಅದೂ ಬರಲಿಲ್ಲ, ಮಂಚದ ಕಥೆ ಹೇಳ್ತಾ ಕೂತೆ.

ಬೈಯಿರಿ ಅತ್ತೆ. ಮಾನ ಮರ್ಯಾದೆ ಅಂತ ಶುರು ಮಾಡಿ, ಅದಕ್ಕೆಲ್ಲ ಉತ್ತರ ಬಾಯಿಪಾಠ ಮಾಡಿಟ್ಟಿದೀನಿ. ಇಲ್ಲಾ, ನಕ್ಕಾದ್ರೂ ಬಿಡಿ... ಮತ್ತೆ ಯಾಕೆ ಅಲ್ಲೇ ಕೂತು ಗೇಣು ಹಾಕ್ತಿದ್ದೀರಿ?

ಏನಂದ್ರಿ? ಇನ್ನೊಂದು ಸಲ ಹೇಳಿ, ನೀವು ಇಷ್ಟು ಮೆತ್ತಗೆ ಮಾತಾಡಿದ್ದನ್ನ ನಾನು ಕೇಳೇ ಇಲ್ಲ...

ಆ ಹೋಳಿಗೆ ದಿನ ನೀವೊಬ್ಬರು ನಗದೇ ಇದ್ದಿದ್ರೆ, ನನಗೆ ಎರಡೂಕಾಲು ಅಡಿ ಮಂಚವೇ ಸಾಕಾಗ್ತಿತ್ತಾ, ಅಂತಾನಾ?