ತಲೆಯಾಡಿಸಿದವರು

ವೇದಿಕೆಯ ನಡುಗುರ್ಚಿಯಲ್ಲಿರುವ ನಮ್ಮ ಸಂಘದ ಅಧ್ಯಕ್ಷರೇ, ಅವರ ಎಡಬಲದಲ್ಲಿರುವ ಅತಿಥಿಗಳೇ, ನನ್ನಂತೆಯೇ ಸಣ್ಣ ಕಾರ್ಖಾನೆ ನಡೆಸಿ ತಲೆಗೂದಲು ಕಳೆದುಕೊಂಡಿರುವ ಸಭಿಕರೇ,

ನನಗೆ ಕೊಟ್ಟಿರುವ ವಿಷಯ ‘ಕೆಲಸದ ಜಾಗದಲ್ಲಿ ಆರೋಗ್ಯ ಮತ್ತು ಸುರಕ್ಷತೆ: ಮಾಲೀಕರು ತಿಳಿಯಬೇಕಾದ ಇತ್ತೀಚಿನ ಬೆಳವಣಿಗೆಗಳು’. ಇದನ್ನು ಓದುವಷ್ಟರಲ್ಲೇ ನನ್ನ ಅರ್ಧ ಸಮಯ ಮುಗಿದಿರಬೇಕು. ಮುಂದಿನ ಸಾಲಿನ ಕೊನೆಯಲ್ಲಿ ನನ್ನ ಹೆಂಡತಿ ಕೂತಿದ್ದಾಳೆ. ಅವಳು ಕೈ ಮೇಲೆತ್ತಿದರೆ ನಾನು ದನಿ ಏರಿಸಬೇಕು, ಕೆಳಗಿಳಿಸಿದರೆ ಇಳಿಸಬೇಕು, ಕೈಕಟ್ಟಿ ಕೂತರೆ ಬಾಯಿ ಮುಚ್ಚಬೇಕು. ಮನೆಯಲ್ಲೂ ಇದೇ ಏರ್ಪಾಡು.

ಹೊಸ ಬೆಳವಣಿಗೆಗಳು ಒಂದೇ ಎರಡೇ? ಮೈ ಕಾವೇರಿದರೆ ಎಚ್ಚರಿಸುವ ಕೈಪಟ್ಟಿ ಬಂದಿದೆ. ಲಾರಿ ಓಡಿಸುವವನು ತೂಕಡಿಸಿದರೆ ಕೂಗುವ ಕ್ಯಾಮೆರಾ ಬಂದಿದೆ. ಮನಸ್ಸಿಗೆ ಆಗುವ ನೋವೂ ಕೆಲಸದಲ್ಲಿ ಆದ ಗಾಯವೇ ಎಂದು ಒಪ್ಪಿಕೊಳ್ಳುವ ಕಾಲ ಬಂದಿದೆ. ಎಲ್ಲವೂ ಒಳ್ಳೆಯದೇ. ಆದರೆ ನಾನು ಒಂದರ ಬಗ್ಗೆ ಮಾತ್ರ ಮಾತಾಡುತ್ತೇನೆ, ಅದು ಕಿವಿ ಪರೀಕ್ಷೆ. ನನ್ನ ಭಾಷಣ ಮುಗಿದ ಮೇಲೆ ನೀವು ಒಂದು ಠರಾವಿಗೆ ಕೈ ಎತ್ತಲಿದ್ದೀರಿ. ಎಲ್ಲ ಕೆಲಸಗಾರರ ಕಿವಿ ಪರೀಕ್ಷೆ ಮಾಡಿಸಬೇಕು, ಸರಿಯಾಗಿ ಕೇಳಿಸದವರನ್ನು ಯಂತ್ರದ ಕೆಲಸದಿಂದ ತೆಗೆಯಬೇಕು ಎಂದು ಅದು ಹೇಳುತ್ತದೆ. ಮೊದಲನೆಯದಕ್ಕೆ ನನ್ನ ತಕರಾರಿಲ್ಲ. ಎರಡನೆಯದಕ್ಕೆ ಇದೆ.

ನಮ್ಮದು ಡಬ್ಬಿಯ ಮುಚ್ಚಳ ಮಾಡುವ ಕಾರ್ಖಾನೆ ಎಂದು ನಿಮಗೆಲ್ಲ ಗೊತ್ತು. ಪ್ರೆಸ್ ಯಂತ್ರ ತಗಡಿನ ಮೇಲೆ ಬಿದ್ದಾಗಲೆಲ್ಲ ಕಾಲ ಕೆಳಗಿನ ನೆಲ ಅದುರುತ್ತದೆ. ಅಂಥ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರಿಗೆ ಏನಾಗುತ್ತದೆ? ಒಂದೇ ದಿನಕ್ಕೆ ಕಿವುಡರಾಗುವುದಿಲ್ಲ. ಮೊದಲು ಹಕ್ಕಿಗಳ ದನಿ ಹೋಗುತ್ತದೆ, ಆಮೇಲೆ ಮಕ್ಕಳ ದನಿ. ಆಮೇಲೆ ಎದುರಿಗಿರುವವರು ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಹಾಗೆಂದು ತಿಳಿದವರು ಹೇಳುತ್ತಾರೆ.

ನಿಮ್ಮ ಠರಾವನ್ನು ನಾನು ಎಂದೋ ಜಾರಿಗೆ ತಂದವನು. ನಾನು ಹೇಳಿದ್ದಕ್ಕೆ ಯಾರಾದರೂ ಎರಡು ಸಲ ‘ಆಂ?’ ಎಂದರೆ ಅವರನ್ನು ಪ್ರೆಸ್ಸಿನಿಂದ ಎತ್ತಿ ಗೋದಾಮಿಗೆ ಹೊರೆ ಹೊರಲು ಕಳಿಸುತ್ತಿದ್ದೆ. ಅದು ಅವರ ಒಳ್ಳೆಯದಕ್ಕೇ ಅಲ್ಲವೇ? ಸುರಕ್ಷತೆಗೇ ಅಲ್ಲವೇ? ಫಲವೂ ಬೇಗ ಸಿಕ್ಕಿತು. ನಮ್ಮಲ್ಲಿ ‘ಆಂ?’ ಅನ್ನುವವರೇ ಇಲ್ಲವಾದರು. ಏನು ಹೇಳಿದರೂ ತಲೆಯಾಡಿಸುತ್ತಿದ್ದರು. ಹೇಳಿದ ಮಾತು ಕೇಳುವ ಇಂಥ ಜನ ಯಾರಿಗುಂಟು ಎಂದು ನಾನು ಉಬ್ಬಿಹೋಗಿದ್ದೆ.

ದೊಡ್ಡ ಪ್ರೆಸ್ ನೋಡಿಕೊಳ್ಳುತ್ತಿದ್ದವನು ನನ್ನ ತಮ್ಮ. ಅವನನ್ನು ಎಲ್ಲರೂ ‘ಸಣ್ಣ ಯಜಮಾನ್ರು’ ಅನ್ನುತ್ತಿದ್ದರು. ನಾವಿಬ್ಬರೂ ಮೀಸೆ ಚಿಗುರುವ ವಯಸ್ಸಿನಲ್ಲೇ ಆ ಪ್ರೆಸ್ಸಿನ ಮುಂದೆ ನಿಂತವರು. ಆಮೇಲೆ ನಾನು ಆಫೀಸಿನ ಕುರ್ಚಿ ಹಿಡಿದೆ, ಅವನು ಎಣ್ಣೆ ಮೆತ್ತಿಕೊಂಡು ಅಲ್ಲೇ ಉಳಿದ. ಹಾಡಿದರೆ ಅಪಸ್ವರ, ನಕ್ಕರೆ ಇಡೀ ಶೆಡ್ಡಿಗೆ ಕೇಳುತ್ತಿತ್ತು. ನನ್ನ ಮಾತಿಗೆ ಒಂದು ಸಲವೂ ‘ಆಂ?’ ಅಂದವನಲ್ಲ.

ಆ ಪ್ರೆಸ್ಸಿಗೆ ನಾನು ಬೆಳಕಿನ ತಡೆ ಹಾಕಿಸಿದೆ. ಯಂತ್ರದ ಮುಂದೆ ಬೆಳಕಿನ ಗೆರೆಗಳು; ಕೈ ಅಡ್ಡ ಬಂದರೆ ಪ್ರೆಸ್ ಇಳಿಯುವುದಿಲ್ಲ. ಎಷ್ಟು ಒಳ್ಳೆಯ ವಸ್ತು! ಅದನ್ನು ವಿವರಿಸಲು ಒಬ್ಬ ತರಬೇತುದಾರರು ಬಂದರು. ಮೆಲುದನಿಯ ಮನುಷ್ಯ. ಪಕ್ಕದ ಸಾಲಿನ ಯಂತ್ರಗಳು ಓಡುತ್ತಿದ್ದವು. ಕೆಲಸ ತುರ್ತಾಗಿತ್ತು, ನಿಲ್ಲಿಸುವುದು ಬೇಡ ಅಂದಿದ್ದೆ. ಅವರು ತೋರಿಸಿದರು, ಹೇಳಿದರು, ಮತ್ತೆ ತೋರಿಸಿದರು. ಕೊನೆಗೆ “ಎಲ್ರಿಗೂ ಅರ್ಥ ಆಯ್ತಾ?” ಅಂದಿರಬೇಕು. ಎಲ್ಲರೂ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರೂ ತಲೆಯಾಡಿಸಿದರು. ನನ್ನ ತಮ್ಮನೂ ಆಡಿಸಿದ.

ತರಬೇತುದಾರರು ಹೇಳಿದ ಮುಖ್ಯವಾದ ಮಾತು ಆಮೇಲೆ ವಿಚಾರಣೆಯಲ್ಲಿ ತಿಳಿಯಿತು. “ಈ ಬೆಳಕು ಮುಂದುಗಡೆ ಮಾತ್ರ ಕಾಯುತ್ತೆ. ಹಿಂದ್ಗಡೆಯಿಂದ ಒಳಗೆ ಹೋದ್ರೆ ಪ್ರೆಸ್ ನಿಲ್ಲಲ್ಲ. ಮೊದಲು ಸ್ವಿಚ್ ಆರಿಸಿ.”

ಒಂದು ದಿನ ತಗಡು ಸಿಕ್ಕಿಕೊಂಡು ಪ್ರೆಸ್ ನಿಂತಿತ್ತು. ಬೆಳಕಿದೆಯಲ್ಲ ಎಂಬ ಧೈರ್ಯದಲ್ಲಿ ತಮ್ಮ ಹಿಂದಿನಿಂದ ಬಗ್ಗಿ ತಗಡು ಎಳೆದ. ಕಂಡವರು ಕೂಗಿದರು. ಅವನು ತಿರುಗಲಿಲ್ಲ. ತಗಡು ಸಡಿಲವಾಯಿತು, ಪ್ರೆಸ್ ಇಳಿಯಿತು. ಇದಕ್ಕಿಂತ ಹೆಚ್ಚು ಹೇಳಲು ನನ್ನಿಂದ ಆಗುವುದಿಲ್ಲ. ಯಾವ ಕೆಲಸಗಾರನೂ ಮಾಡದ ಧೈರ್ಯವನ್ನು ಅವನಿಗೆ ನಾನು ತರಿಸಿದ ಆ ಬೆಳಕೇ ಕೊಟ್ಟಿತ್ತು.

ಅವನ ಸಂಸ್ಕಾರವೆಲ್ಲ ಮುಗಿದು ಮನೆಗೆ ಬಂದ ಮೇಲೆ ತಮ್ಮನ ಹೆಂಡತಿ ನನ್ನೆದುರು ಕೂತು ಕೇಳಿದಳು. “ಭಾವ, ಟ್ರೇನಿಂಗ್ ದಿನ ನೀವೂ ಅಲ್ಲೇ ಇದ್ರಲ್ಲ. ಅವರು ಏನು ಹೇಳಿದ್ರು?” ನಾನು ತಲೆ ತಗ್ಗಿಸಿದೆ. ದುಃಖದಿಂದ ಬಾಯಿ ಕಟ್ಟಿದೆ ಎಂದುಕೊಂಡು ಅವಳೇ ನನಗೆ ನೀರು ತಂದುಕೊಟ್ಟಳು. ಆ ನೀರನ್ನು ನಾನು ಪೂರ್ತಿ ಕುಡಿದೆ.

ಇರಲಿ, ಬೆಳವಣಿಗೆಗಳಿಗೆ ಬರೋಣ. ಹೆಂಡತಿ ಕೈ ಮೇಲೆತ್ತುತ್ತಿದ್ದಾಳೆ, ದನಿ ಕುಸಿದಿರಬೇಕು. ಈಗ ಸರಿಯೇ?

ಅದೇ ಸಾಲಿನ ಮೇಲ್ವಿಚಾರಣೆಯನ್ನು ಈಗ ತಮ್ಮನ ಮಗಳು ಮಾಡುತ್ತಾಳೆ. ಬೇಡ ಎಂದರೂ ಕೇಳಲಿಲ್ಲ. “ಅಪ್ಪ ನಿಂತಿದ್ದ ಜಾಗ ಅದು, ಬಿಡಲ್ಲ ದೊಡ್ಡಪ್ಪ” ಅಂದಳು. ಮೊನ್ನೆ ಅಡುಗೆಮನೆಯಲ್ಲಿ ಅವಳ ತಾಯಿ ಬೆನ್ನ ಹಿಂದಿನಿಂದ ಹೇಳಿದಳು. “ಪಾತ್ರೆ ಹಿಡಿ ಕಾದಿದೆ, ಬರಿಗೈಲಿ ಮುಟ್ಬೇಡ ಕಣೇ.” ನಾನು ಪಕ್ಕದಲ್ಲೇ ಇದ್ದೆ, ತಾಯಿಯ ತುಟಿ ಕಾಣುತ್ತಿತ್ತು. ಹುಡುಗಿ ಅಚ್ಚುಕಟ್ಟಾಗಿ ತಲೆಯಾಡಿಸಿದಳು, ಬರಿಗೈಯಲ್ಲೇ ಹಿಡಿದಳು. ಬೆರಳು ಸುಟ್ಟುಕೊಂಡು “ಏನಿಲ್ಲ, ಏನೋ ಯೋಚ್ನೇಲಿದ್ದೆ” ಅಂದಳು. ಆ ತಲೆಯಾಟ ನನಗೆ ಗೊತ್ತು. ಅದನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ. ಇವತ್ತು ಬೆಳಿಗ್ಗೆ ಅವಳು ಕೇಳಿದಳು. “ದೊಡ್ಡಪ್ಪ, ಠರಾವು ಪಾಸಾದ್ರೆ ಪರೀಕ್ಷೆ ಯಾವಾಗಿಂದ?” ಇದನ್ನು ಇಲ್ಲಿ ಹೇಳುವ ಮನಸ್ಸಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಠರಾವು ಹೀಗೇ ಪಾಸಾದರೆ ಅವಳು ಏನು ಮಾಡುತ್ತಾಳೆ? ಮುಚ್ಚಿಡುತ್ತಾಳೆ. ಪರೀಕ್ಷೆಯ ದಿನ ರಜೆ ಹಾಕುತ್ತಾಳೆ, ಸದ್ದು ಕೇಳಿಸಿದರೆ ಕೈ ಎತ್ತಿ ಎಂದಾಗ ಪಕ್ಕದವರನ್ನು ನೋಡಿ ಎತ್ತುತ್ತಾಳೆ, ಎಲ್ಲದಕ್ಕೂ ತಲೆಯಾಡಿಸುತ್ತಾಳೆ. ನಿಮ್ಮ ನಿಮ್ಮ ಕಾರ್ಖಾನೆಯಲ್ಲೂ ಅಷ್ಟೇ. ಕಿವಿ ಕೆಡಿಸಿದ್ದು ಯಂತ್ರ, ಕೆಲಸ ಹೋಗುವುದು ಮಾತ್ರ ಕಿವಿ ಕೆಟ್ಟವರದು! ಇದು ಯಾವ ಸೀಮೆಯ ಸುರಕ್ಷತೆ ಸ್ವಾಮಿ?

ಆದ್ದರಿಂದ ಆ ಎರಡನೆಯ ಭಾಗಕ್ಕೆ ಬದಲಾಗಿ ಏನಿರಬೇಕೆಂದು ಹೇಳುತ್ತೇನೆ. ಮೈಕಿನಿಂದ ಸ್ವಲ್ಪ ಹಿಂದೆ ಸರಿಯುತ್ತೇನೆ, ಲಕ್ಷ್ಯವಿಟ್ಟು ಕೇಳಿ. ಒಪ್ಪಿಗೆಯಾದವರು ತಲೆಯಾಡಿಸಿದರೆ ಸಾಕು.

…

ಧನ್ಯವಾದ. ಮುಂದಿನ ಸಾಲಿನಲ್ಲಿ ಬಹಳ ಜನ ತಲೆಯಾಡಿಸಿದಿರಿ. ಅಧ್ಯಕ್ಷರೇ, ನೀವೂ ಆಡಿಸಿದಿರಿ. ಹಿಂದಿನ ಸಾಲಿನ ಎಳೆಯರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದಾರೆ. ಅವರ ಕಿವಿ ಇನ್ನೂ ಗಟ್ಟಿ ಇದೆ. ನಾನು ಏನೂ ಹೇಳಲಿಲ್ಲ, ಬರೀ ತುಟಿ ಆಡಿಸಿದೆ.

ಸಿಟ್ಟಾಗಬೇಡಿ. ಈಗ ದನಿ ಎತ್ತಿಯೇ ಹೇಳುತ್ತೇನೆ. ಪ್ರೆಸ್ಸಿನ ಅಡಿಗೆ ರಬ್ಬರ್ ಹಾಕಿಸಿ, ಸುತ್ತ ಗೋಡೆ ಕಟ್ಟಿಸಿ, ಕಲಿಸುವಾಗ ಯಂತ್ರ ನಿಲ್ಲಿಸಿ. ಕೇಳಿಸಲಿಲ್ಲ ಎಂದವರ ಕೆಲಸ ಕಳೆಯಬೇಡಿ. ಕಿವಿ ಪರೀಕ್ಷೆ ಈ ಮುಂದಿನ ಸಾಲಿನಿಂದ ಶುರುವಾಗಲಿ.

ಹೆಂಡತಿ ಕಣ್ಣು ಒರೆಸಿಕೊಂಡು ಕೈಕಟ್ಟಿ ಕೂತಿದ್ದಾಳೆ. ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.

ಅಧ್ಯಕ್ಷರು ನನಗೆ ಏನೋ ಹೇಳುತ್ತಿದ್ದಾರೆ. ಆಂ? ಇನ್ನೊಮ್ಮೆ ಹೇಳಿ ಸ್ವಾಮಿ, ನನಗೆ ಕೇಳಿಸಲಿಲ್ಲ.